ಎರಡು ಚೀಲ ಐಸು, ಒಂದು ಮ್ಯಾಕು

ನಗರಸಭೆಯ ದಾಖಲೆ ಕೋಣೆಯ ಗುಮಾಸ್ತರು ತಮ್ಮ ಐವತ್ತೊಂದನೆಯ ವಯಸ್ಸಿನಲ್ಲಿ ಒಂದು ಮ್ಯಾಕ್ ಲ್ಯಾಪ್‌ಟಾಪ್ ಕೊಂಡರು. ಕೊಳ್ಳುವುದಕ್ಕೆ ಕಾರಣವೇನೂ ಇರಲಿಲ್ಲ. ಕಾರಣ ಇದ್ದಿದ್ದರೆ ಬಹುಶಃ ಕೊಳ್ಳುತ್ತಿರಲಿಲ್ಲ. ಮದುವೆ ಫೋಟೋ ತೆಗೆಯುವವನೊಬ್ಬ ಹೊಸದನ್ನು ತಂದು ಹಳೆಯದನ್ನು ಯಾರಿಗಾದರೂ ದಾಟಿಸೋಣವೆಂದು ಗಿರಾಕಿ ಹುಡುಕುತ್ತಿದ್ದ, ಇವರು ಕಣ್ಣಿಗೆ ಬಿದ್ದರು. "ಸಾರ್, ಇದಕ್ಕೆ ಫ್ಯಾನೇ ಇಲ್ಲ. ಸದ್ದು ಅನ್ನೋದೇ ಬರಲ್ಲ" ಅಂದ. ಇಪ್ಪತ್ತೇಳು ವರ್ಷ ಗೊರಗೊರ ಅನ್ನುವ ಫ್ಯಾನಿನ ಕೆಳಗೆ ಧೂಳು ಕುಡಿದ ಮನುಷ್ಯನಿಗೆ ಆ ಒಂದು ಮಾತು ಸಾಕಾಯಿತು.

ಮನೆಗೆ ತಂದು ಕಿಟಕಿಯ ಹತ್ತಿರ, ಬೆನ್ನು ಬೀದಿಗೆ ಕಾಣುವ ಹಾಗೆ ಇಟ್ಟರು. ಅದರ ಬೆನ್ನಿನ ಮೇಲಿರುವ ಗುರುತು ಹೋಗಿಬರುವವರ ಕಣ್ಣಿಗೆ ಬೀಳದಿದ್ದರೆ ತಂದು ಪ್ರಯೋಜನವೇನು? ಅದರಲ್ಲಿ ಅವರು ಮಾಡುತ್ತಿದ್ದ ಕೆಲಸ ಎರಡೇ. ಕಟ್ಟಡದ ನಿವಾಸಿಗಳ ಸಂಘಕ್ಕೆ ನೋಟಿಸು ಟೈಪು ಮಾಡುವುದು, ಆಮೇಲೆ ಮೆತ್ತನೆಯ ಬಟ್ಟೆಯಿಂದ ಒರೆಸಿ ಮುಚ್ಚಿಡುವುದು. ಅವರ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುವವರು. ತಮ್ಮ ಹೊಲಿಗೆ ಯಂತ್ರ ಹನ್ನೊಂದು ವರ್ಷದಿಂದ ಒಂದು ದಿನವೂ ಯಾರಿಂದಲೂ ಹೀಗೆ ಒರೆಸಿಕೊಂಡಿಲ್ಲ ಎನ್ನುವುದನ್ನು ಆಗಾಗ ಜ್ಞಾಪಿಸುತ್ತಿದ್ದರು.

ಜಂಬ ಮನೆಯೊಳಗೇ ಇದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಗುಮಾಸ್ತರು ಅದನ್ನು ಫೋನಿನಲ್ಲಿ ಅಣ್ಣನಿಗೂ ಕಳಿಸಿದರು.

ಈ ಅಣ್ಣ ಇವರಿಗಿಂತ ಹನ್ನೊಂದು ವರ್ಷ ದೊಡ್ಡವನು. ಮೂವತ್ತಾರು ವರ್ಷ ರೈಲಿನ ಇಂಜಿನ್ ಓಡಿಸಿ ನಿವೃತ್ತನಾಗಿ, ಒಂಬತ್ತು ಗಂಟೆ ಪ್ರಯಾಣದಷ್ಟು ದೂರದ ಊರಿನಲ್ಲಿ ಇದ್ದ. ಹೃದಯ ಕೈಕೊಟ್ಟು, ಕಾಲು ಊದಿಕೊಂಡು, ಒಂದು ವರ್ಷದಿಂದ ಕುರ್ಚಿ ಬಿಟ್ಟು ಏಳುವ ಹಾಗಿರಲಿಲ್ಲ. ಕುರ್ಚಿಯ ಮುಂದೆ ಒಂದು ದೊಡ್ಡ ವಿಂಡೋಸ್ ಕಂಪ್ಯೂಟರ್ ಇಟ್ಟುಕೊಂಡು ದಿನವಿಡೀ ರೈಲು ಓಡಿಸುವ ಆಟ ಆಡುತ್ತಿದ್ದ. ನಿಜವಾದ ರೈಲು ಓಡಿಸುವಾಗ ಬೈದುಕೊಳ್ಳುತ್ತಿದ್ದ ಮನುಷ್ಯ ಈಗ ಆಟದ ರೈಲು ಒಂದು ನಿಮಿಷ ತಡವಾದರೆ ಊಟ ಬಿಡುತ್ತಿದ್ದ.

"ವಿಂಡೋಸಾ? ಅಯ್ಯೋ ಅಣ್ಣ, ಅದನ್ನ ಈಗ ಯಾರು ಮುಟ್ತಾರೆ!" ಅಂದಿದ್ದರು ಗುಮಾಸ್ತರು. "ನನ್ನ ಹತ್ರ ಮ್ಯಾಕ್ ಇದೆ."

"ಅದ್ರಲ್ಲಿ ರೈಲು ಓಡುತ್ತೇನೋ?"

"ರೈಲೇನು ಬಂತು, ವಿಮಾನಾನೂ ಓಡುತ್ತೆ. ಆದ್ರೆ ನಿನ್ನ ಆಟ ಮ್ಯಾಕಿಗೆ ಬಂದಿಲ್ವಲ್ಲ, ಏನ್ಮಾಡ್ಲಿ?"

ಇದು ಬಹಳ ಸುರಕ್ಷಿತವಾದ ಜಂಬ. ಹೆಣ್ಣು ಕೊಡದ ಮನೆಯ ಮುಂದೆ ವರದಕ್ಷಿಣೆ ಬೇಡ ಅಂದ ಹಾಗೆ. ಆರು ತಿಂಗಳು ಹೀಗೇ ನಡೆಯಿತು. ಆಮೇಲೆ ಒಂದು ಮಂಗಳವಾರ ಮಧ್ಯಾಹ್ನ, ಗುಮಾಸ್ತರು ಕಡತಗಳ ನಡುವೆ ಬುತ್ತಿ ಬಿಚ್ಚುತ್ತಿದ್ದಾಗ ಫೋನು ಬಂತು.

"ಲೋ, ನಮ್ಮ ಆಟ ಮ್ಯಾಕಿಗೂ ಬಂತಂತೆ ಕಣೋ!"

ಗುಮಾಸ್ತರು ಬುತ್ತಿಯ ಮುಚ್ಚಳ ಕೈಯಲ್ಲೇ ಹಿಡಿದುಕೊಂಡರು. "ಹೌದಾ? ಒಳ್ಳೇದಾಯ್ತು ಬಿಡು" ಅಂದರು.

"ಸೋಮವಾರ ನನ್ನ ಎದೆ ಕೊಯ್ತಾರೆ" ಅಂದ ಅಣ್ಣ, ಗಾಡಿಯ ಸಮಯ ಹೇಳುವ ಧ್ವನಿಯಲ್ಲಿ. "ಡಾಕ್ಟ್ರು ಬದುಕೋದು ಅರ್ಧಕ್ಕರ್ಧ ಅಂದ್ರು. ನೀನು ಬರ್ಬೇಡ. ಬಂದು ಮೂಗು ಸೊರ್ ಅನ್ಸ್ತಾ ಕೂತ್ರೆ ನನಗೆ ಧೈರ್ಯ ಹೋಗುತ್ತೆ. ಇಲ್ಲಿ ಇರೋದೂ ಒಂದೇ ಕಂಪ್ಯೂಟ್ರು. ನೀನು ಅಲ್ಲೇ ಇದ್ರೇನೇ ಇಬ್ರಾಗೋದು. ಭಾನುವಾರ ಸಂಜೆ ನಾಲ್ಕಕ್ಕೆ ಬೆಟ್ಟದ ಲೈನಲ್ಲಿ ಹೊರಡೋಣ. ಉಗಿ ಇಂಜಿನ್ನು. ನಾನು ಡ್ರೈವರು, ನೀನು ಇದ್ದಿಲು ಹಾಕೋನು."

"ಅಣ್ಣ, ಅದು..."

"ಮೂವತ್ತಾರು ವರ್ಷ ಓಡಿಸ್ದೆ ಕಣೋ. ನಮ್ಮೋರು ಅನ್ನೋರು ಒಬ್ರೂ ಪಕ್ಕದಲ್ಲಿ ನಿಲ್ಲೋ ಹಾಗಿರ್ಲಿಲ್ಲ. ರೂಲ್ಸು. ಈಗ ಯಾರ ರೂಲ್ಸು? ನಿನ್ನ ಮ್ಯಾಕ್ ಅಂಥಾದ್ದು ಅಂದ್ಯಲ್ಲ, ಅದಕ್ಕೇ ಕೇಳ್ದೆ."

ಗುಮಾಸ್ತರಿಗೆ ಆಗ "ಅಣ್ಣ, ನಾನು ಬುರುಡೆ ಬಿಟ್ಟೆ" ಅಂದುಬಿಡುವುದಕ್ಕೆ ಒಂದು ಅವಕಾಶವಿತ್ತು. ಅವರು "ನಾಲ್ಕಕ್ಕೆ ಸರಿಯಾಗಿ ಕೂತಿರ್ತೀನಿ" ಅಂದರು. ಬುತ್ತಿ ಹಾಗೇ ಮುಚ್ಚಿದರು.

ಅದೇ ಸಂಜೆ ಮ್ಯಾಕನ್ನು ಎದೆಗವಚಿಕೊಂಡು ಕಂಪ್ಯೂಟರ್ ರಿಪೇರಿಯವನ ಅಂಗಡಿಗೆ ಹೋದರು. ಆತ ನಕ್ಕಿದ್ದನ್ನು ಆ ಬೀದಿಯಲ್ಲಿ ಯಾರೂ ನೋಡಿಲ್ಲ. ಆಟದ ಬೇಡಿಕೆಗಳ ಪಟ್ಟಿಯನ್ನು ತನ್ನ ಪರದೆಯಲ್ಲಿ ತೆಗೆದು, ಗುಮಾಸ್ತರ ಮ್ಯಾಕನ್ನು ತಿರುಗಿಸಿ ಮುರುಗಿಸಿ, ವೈದ್ಯರು ಸಂಬಂಧಿಕರನ್ನು ಹೊರಗೆ ಕರೆಯುವ ಹಾಗೆ ಒಂದು ನಿಟ್ಟುಸಿರು ಬಿಟ್ಟ.

"ಚಿಪ್ಪು ಅಂಚಿನಲ್ಲಿ ಪಾಸು. ಸಿಸ್ಟಂ ಹಳೇದು, ಹೊಸದು ಹಾಕ್ಕೋಬೇಕು. ಜಾಗ ನೂರ ಹತ್ತು ಜಿಬಿ ಬೇಕು, ನಿಮ್ಮಲ್ಲಿ ಒಂಬತ್ತಿದೆ. ಮೆಮೊರಿ ಹದಿನಾರು ಬೇಕು, ಎಂಟಿದೆ."

"ಇನ್ನೆಂಟು ಹಾಕ್ಬಿಡಿ."

"ಹಾಕಕ್ಕೆ ಬರಲ್ಲ ಸಾರ್. ಬೆಸುಗೆ ಹಾಕಿರೋದು. ಹುಟ್ಟುವಾಗ ಎಷ್ಟು ತಂದಿತ್ತೋ ಸಾಯೋವರೆಗೂ ಅಷ್ಟೇ."

"ನಮ್ಮ ಥರಾನೇ ಅನ್ನಿ."

"ನಿಮ್ಮಲ್ಲೆಷ್ಟಿದೆಯೋ ನಾನು ಬಿಚ್ಚಿ ನೋಡಿಲ್ಲ."

ಗುಮಾಸ್ತರು ಸ್ಟೂಲು ಎಳೆದುಕೊಂಡು ಕೂತರು. "ಅಲ್ಲ, ನಮ್ಮಣ್ಣನ ಡಬ್ಬದಲ್ಲಿ ಓಡೋದು ಇದ್ರಲ್ಲಿ ಯಾಕೆ ಓಡಲ್ಲ?"

"ಆ ಆಟ ಹುಟ್ಟಿ ಬೆಳೆದಿದ್ದು ವಿಂಡೋಸಲ್ಲಿ. ಈಗ ಇಲ್ಲಿಗೆ ಕರ್ಕೊಂಡು ಬಂದಿದಾರೆ. ಹತ್ತು ರೂಮಿನ ಮನೇಲಿದ್ದೋರು ಒಂದೇ ರೂಮಿನ ಮನೆಗೆ ಬಂದ್ರೆ ಹೇಗಿರ್ತಾರೆ? ಬರೋವಾಗ ಸಾಮಾನು ಅಷ್ಟೂ ತರ್ತಾರೆ, ಮೊದಲಿನ ಥರಾನೇ ಕೈಕಾಲು ಚಾಚ್ತಾರೆ. ಇದು ಓಡಬಹುದು ಸಾರ್, ಓಡಲ್ಲ ಅನ್ನಲ್ಲ. ಚಿತ್ರಗಳನ್ನ ಅತೀ ಕೆಳಗಿನ ದರ್ಜೆಗೆ ಇಳಿಸಿದ್ರೆ ಕುಂಟ್ಕೊಂಡು ಓಡುತ್ತೆ. ಆದ್ರೆ ಬಿಸಿಯಾಗುತ್ತೆ. ಬಿಸಿಯಾದ್ರೆ ತನ್ನ ಜೀವ ಉಳಿಸ್ಕೊಳ್ಳೋಕೆ ತಾನೇ ನಿಧಾನ ಆಗುತ್ತೆ. ಇದಕ್ಕೆ ಫ್ಯಾನಿಲ್ಲ ನೋಡಿ."

"ಸದ್ದಾಗಬಾರದೂಂತ" ಅಂದರು ಗುಮಾಸ್ತರು ಕುಗ್ಗಿದ ಸ್ವರದಲ್ಲಿ.

"ಹೌದು. ಸದ್ದಿಲ್ದೇ ಹೋಗುತ್ತೆ."

"ತಣ್ಣಗೆ ಇಟ್ಕೊಂಡ್ರೆ?"

"ತಣ್ಣಗಿಟ್ಟಷ್ಟು ಹೊತ್ತು ನಿಮ್ಮ ಪುಣ್ಯ."

ಮನೆಗೆ ಬಂದು ಮೊದಲು ಜಾಗದ ಸಮಸ್ಯೆಗೆ ಕೈ ಹಾಕಿದರು. ಜಾಗ ಖಾಲಿ ಮಾಡುವ ವಿದ್ಯೆಯಲ್ಲಿ ಗುಮಾಸ್ತರನ್ನು ಮೀರಿಸುವವರು ಆ ನಗರದಲ್ಲೇ ಇರಲಿಲ್ಲ. ದಾಖಲೆ ಕೋಣೆಯ ನಿಯಮ ಸರಳ: ಹತ್ತು ವರ್ಷದಿಂದ ಯಾರೂ ಕೇಳದ ಕಡತವನ್ನು ಪಟ್ಟಿ ಮಾಡಿ, ಮೂರು ಪ್ರತಿ ತೆಗೆದು, ಮೇಲಧಿಕಾರಿಯ ಸಹಿ ಹಾಕಿಸಿ ವಿಲೇವಾರಿ ಮಾಡುವುದು. ಅದೇ ನಿಯಮವನ್ನು ಮ್ಯಾಕಿಗೂ ಅನ್ವಯಿಸಿದರು. ಬುಧವಾರ ಬೆಳಿಗ್ಗೆ ನಾಲ್ಕು ಪುಟದ ಪಟ್ಟಿಯನ್ನು ಹೆಂಡತಿಯ ಮುಂದೆ ಇಟ್ಟು "ಇಲ್ಲೊಂದು ಸಹಿ" ಅಂದರು. ಆಕೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದರು. ಎಲ್ಲ ಮೇಲಧಿಕಾರಿಗಳ ಹಾಗೆ ಓದದೆ ಸಹಿ ಹಾಕಿದರು.

ಗುರುವಾರ ಆಕೆಗೆ ಏನೋ ನೆನಪಾಯಿತು. "ನಮ್ಮ ಮದುವೆ ವಿಡಿಯೋ ಒಂದ್ಸಲ ಹಾಕಿ. ನಮ್ಮಮ್ಮ ಉಟ್ಟಿದ್ದ ಸೀರೆ ಅಂಚು ಹೇಗಿತ್ತು ನೋಡ್ಬೇಕು."

"ಅದು ವಿಲೇವಾರಿ ಆಯ್ತಲ್ಲ."

"ಏನಾಯ್ತು?"

"ಎರಡನೇ ಪುಟ, ಹದಿನೇಳನೇ ಸಾಲು. ಹತ್ತು ವರ್ಷದಿಂದ ಯಾರೂ ಕೇಳಿರ್ಲಿಲ್ಲ. ನೀನೇ ಸಹಿ ಹಾಕಿದೀಯ."

ಹೆಂಡತಿ ಕತ್ತರಿ ಕೆಳಗಿಟ್ಟರು. "ಹತ್ತು ವರ್ಷದಿಂದ ನನ್ನನ್ನೂ ಯಾರೂ ಏನೂ ಕೇಳಿಲ್ಲ. ನನ್ನ ಹೆಸರು ಎಷ್ಟನೇ ಸಾಲಲ್ಲಿದೆ?" ಅಂದು, ಯಂತ್ರವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತುಬಿಟ್ಟರು. ಆಮೇಲೆ ಭಾನುವಾರದವರೆಗೆ ಅವರ ದನಿ ಗುಮಾಸ್ತರ ಕಿವಿಗೆ ಬೀಳಲಿಲ್ಲ.

ಹೊಸ ಸಿಸ್ಟಂ ಇಳಿಯುವುದಕ್ಕೆ ಒಂದು ದಿನ, ಆಟ ಇಳಿಯುವುದಕ್ಕೆ ಇನ್ನೊಂದು ದಿನ ಹಿಡಿಯಿತು. ಇಡೀ ಕಟ್ಟಡಕ್ಕೆ ಇದ್ದದ್ದು ಒಂದೇ ಇಂಟರ್ನೆಟ್ ತಂತಿ. ಮೂರು ಅಂತಸ್ತಿನವರೂ ಅದನ್ನೇ ಹೀರುತ್ತಿದ್ದರು. ಪರದೆಯ ಮೇಲೆ "ಇನ್ನು ನಲವತ್ತು ನಿಮಿಷ" ಎಂದು ಬಂದದ್ದು ಮೂರು ಗಂಟೆ ಕಳೆದರೂ ನಲವತ್ತೇ ಇತ್ತು. ನಗರಸಭೆಯಲ್ಲಿ ಇಷ್ಟು ವರ್ಷ ಕಳೆದ ಮನುಷ್ಯನಿಗೆ ಅದರಲ್ಲಿ ಅಸಹಜವೇನೂ ಕಾಣಲಿಲ್ಲ.

ಶನಿವಾರ ಮಧ್ಯಾಹ್ನ ಆಟ ತೆರೆದರು. ಒಂದು ಚಿತ್ರ ಬಂತು, ನಿಂತಿತು. ಇನ್ನೊಂದು ಬಂತು, ನಿಂತಿತು. ರೈಲು ಫೋಟೋ ಆಲ್ಬಮ್ಮಿನಲ್ಲಿ ಓಡುವ ಹಾಗೆ ಓಡಿತು. ಗುಮಾಸ್ತರು ದರ್ಜೆ ಇಳಿಸುತ್ತಾ ಬಂದರು. ಮೊದಲು ನೆರಳು ತೆಗೆದರು, ಆಮೇಲೆ ಮೋಡ. ಆಮೇಲೆ ಕಾಡು, ಹೊಳೆಯ ನೀರು, ಪ್ರಯಾಣಿಕರು. ಕೊನೆಗೆ ಉಳಿದದ್ದು ಒಂದು ಬೂದು ಗುಡ್ಡ, ಎರಡು ಕಂಬಿ, ಒಂದು ಒಲೆ, ಒಂದು ಸಲಿಕೆ. ಆಗ ರೈಲು ಒಂದು ಮಟ್ಟಿಗೆ ಓಡಿತು. ಇಪ್ಪತ್ತು ನಿಮಿಷಕ್ಕೆ ಮ್ಯಾಕಿನ ಹೊಟ್ಟೆ ಅಂಗೈ ಇಡಲಾರದಷ್ಟು ಕಾಯಿತು, ಮತ್ತೆ ಆಲ್ಬಮ್ಮು ಶುರುವಾಯಿತು.

ಬೆಟ್ಟದ ಲೈನು ಒಂದೂವರೆ ಗಂಟೆಯ ದಾರಿ. ತಣ್ಣಗಿಟ್ಟಷ್ಟು ಹೊತ್ತು ಪುಣ್ಯ ಅಂದಿದ್ದ ರಿಪೇರಿಯವನು. ಭಾನುವಾರ ಮಧ್ಯಾಹ್ನ ಗುಮಾಸ್ತರು ಮೀನಿನ ಅಂಗಡಿಗೆ ಹೋಗಿ ಎರಡು ಚೀಲ ಐಸು ತಂದರು.

ಇಲ್ಲಿಂದ ಮುಂದಿನದಕ್ಕೆಲ್ಲ ಅವರ ನಾಚಿಕೆಯೇ ಹೊಣೆ. ಐವತ್ತು ದಾಟಿದ ಮನುಷ್ಯ, ದಾಖಲೆ ಕೋಣೆಯ ಜವಾಬ್ದಾರಿ ಹೊತ್ತವನು, ಸಂಘದ ಕಾರ್ಯದರ್ಶಿ, "ನಾನು ರೈಲಾಟ ಆಡಬೇಕು" ಅಂತ ಯಾವ ಬಾಯಲ್ಲಿ ಹೇಳುವುದು? ಮೆಟ್ಟಿಲ ಮೇಲೆ ಕೆಳಗಿನ ಮನೆಯ ನರ್ಸಮ್ಮ ಎದುರಾದರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಏನು ಕಂಡರೂ ಅದರಲ್ಲಿ ಕಾಯಿಲೆ ಕಾಣುವವರು.

"ಇಷ್ಟೊಂದು ಐಸು? ಯಾರಿಗೆ ಏನಾಯ್ತು?"

ಭುಜದ ಮೇಲಿನ ಚೀಲ ಕರಗಿ ಗುಮಾಸ್ತರ ಮುಖದ ಮೇಲೆ ನೀರು ಇಳಿಯುತ್ತಿತ್ತು. "ಏನಿಲ್ಲ, ನಮ್ಮಣ್ಣನ ವಿಷಯ... ನಾಲ್ಕು ಗಂಟೆಗೆ... ನಿಮ್ಮ ಟೇಬಲ್ ಫ್ಯಾನ್ ಒಂದು ಕೊಡ್ತೀರಾ?" ಅಂದರು.

ನರ್ಸಮ್ಮ ಮರುಮಾತಿಲ್ಲದೆ ಫ್ಯಾನು ತಂದುಕೊಟ್ಟರು. ಅವರ ಭುಜವನ್ನೂ ಒಮ್ಮೆ ಒತ್ತಿದರು. ಫ್ಯಾನು ಕೊಡುವಾಗ ಭುಜ ಯಾಕೆ ಒತ್ತಿದರು ಎಂದು ಗುಮಾಸ್ತರು ಯೋಚಿಸಲಿಲ್ಲ, ಐಸು ಕರಗುತ್ತಿತ್ತು.

ಇದು ಸಾಲದೆಂದು ಅವರು ಬೆಳಿಗ್ಗೆಯೇ ಮೆಟ್ಟಿಲ ಬುಡದಲ್ಲಿ ಒಂದು ನೋಟಿಸು ಅಂಟಿಸಿದ್ದರು. ಇಂಟರ್ನೆಟ್ ತಂತಿ ಒಂದೇ ಆದ್ದರಿಂದ ಉಳಿದವರು ಒಂದೂವರೆ ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ ತಮ್ಮ ಆಟಕ್ಕೆ ಒಂದಿಷ್ಟು ಸಿಗುತ್ತದೆ ಎನ್ನುವುದು ಅದರ ಉದ್ದೇಶ. ಆದರೆ ಗುಮಾಸ್ತರ ಕೈಗೆ ಸಾದಾ ಭಾಷೆ ಬರುತ್ತಿರಲಿಲ್ಲ. "ನನ್ನ ಹಿರಿಯ ಸಹೋದರರ ಸಂಬಂಧ ಈ ದಿನ ಸಂಜೆ ನಾಲ್ಕರಿಂದ ಐದೂವರೆ ಗಂಟೆಯವರೆಗೆ ನಮ್ಮ ಮನೆಯಲ್ಲಿ ಅನಿವಾರ್ಯ ಕಾರ್ಯವಿರುವ ಪ್ರಯುಕ್ತ, ನಿವಾಸಿಗಳು ಟಿವಿ, ಸಿನಿಮಾ, ಇಂಟರ್ನೆಟ್ ಇತ್ಯಾದಿ ಮನರಂಜನೆಗಳನ್ನು ಸ್ಥಗಿತಗೊಳಿಸಿ ಮೌನವಾಗಿ ಸಹಕರಿಸಬೇಕಾಗಿ ಕೋರಿದೆ" ಎಂದು ಬರೆದಿದ್ದರು.

ನರ್ಸಮ್ಮ ಐಸನ್ನೂ ನೋಟಿಸನ್ನೂ ಕೂಡಿಸಿ, ಲೆಕ್ಕ ತೆಗೆದು, ನೇರ ಸಂಘದ ಅಧ್ಯಕ್ಷರ ಬಾಗಿಲು ತಟ್ಟಿದರು. "ಗುಮಾಸ್ತರ ಅಣ್ಣ ಹೋದ್ರು. ನಾಲ್ಕು ಗಂಟೆಗೆ ತರ್ತಾರೆ. ಪಾಪ, ಒಬ್ಬನೇ ಐಸು ಹೊತ್ಕೊಂಡು ಬರ್ತಾ ಇದ್ದ, ಕಣ್ಣಲ್ಲಿ ಧಾರಾಕಾರ ನೀರು."

ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಸಂಘದ ನಿಯಮಾವಳಿಯಲ್ಲಿ ನಿವಾಸಿಗಳ ಮನೆಯ ಸಾವಿಗೆ ಒಂದು ದೊಡ್ಡ ಹೂಹಾರ, ಎರಡು ನಿಮಿಷ ಮೌನ ಮತ್ತು ಅಧ್ಯಕ್ಷರ ಭಾಷಣ ಎಂದು ಸೇರಿಸಿದ್ದವರು ಅವರೇ. ಸೇರಿಸಿದ ಮೇಲೆ ಒಂದೂಕಾಲು ವರ್ಷ ಆ ಕಟ್ಟಡದಲ್ಲಿ ಯಾರೂ ಸತ್ತಿರಲಿಲ್ಲ. ಭಾಷಣ ಬರೆದು ಮೇಜಿನಲ್ಲಿ ಇಟ್ಟುಕೊಂಡವರ ಸಂಕಟ ಆ ಸಂಕಟ ಪಟ್ಟವರಿಗೇ ಗೊತ್ತು. "ಛೇ ಛೇ, ಎಂಥ ಅನ್ಯಾಯ" ಅನ್ನುತ್ತಾ ಅವರು ಭಾಷಣಕ್ಕೆ ರೈಲಿನ ನಾಲ್ಕು ಮಾತು ಸೇರಿಸಿ, ಲವಲವಿಕೆಯಿಂದ ಶರ್ಟು ಬದಲಾಯಿಸಿದರು.

ಮೇಲೆ ಸಿದ್ಧತೆ ಮುಗಿದಿತ್ತು. ಅಗಲವಾದ ತಟ್ಟೆಯಲ್ಲಿ ಐಸು, ಐಸಿನ ಮೇಲೆ ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ಕಂಬಿಯ ಜಾಲರಿ, ಜಾಲರಿಯ ಮೇಲೆ ಮ್ಯಾಕು. ಪಕ್ಕದಲ್ಲಿ ಫ್ಯಾನು. ಇನ್ನೊಂದು ಚೀಲ ಬಕೀಟಿನಲ್ಲಿ. ಹೆಂಡತಿ ಮೂರು ದಿನದ ಮೌನ ಮುರಿದು "ನೆಲ ಎಲ್ಲಾ ಕೆರೆ ಮಾಡಿದೀರಿ" ಅಂದು, ಚಿಂದಿ ಬಟ್ಟೆ ಹಿಡಿದು ಕೂತರು. ಅದು ರಾಜಿಯ ಮಾತು ಎಂದು ಗುಮಾಸ್ತರಿಗೆ ಗೊತ್ತಾಗಿ ಕಣ್ಣು ತುಂಬಿತು.

ನಾಲ್ಕಕ್ಕೆ ಸರಿಯಾಗಿ ಫೋನು ಬಂತು. ಗುಮಾಸ್ತರು ಅದನ್ನು ಸ್ಪೀಕರಿಗೆ ಹಾಕಿ ಮ್ಯಾಕಿನ ಪಕ್ಕ ಒರಗಿಸಿದರು.

"ರೆಡಿಯೇನೋ?"

"ರೆಡಿ ಅಣ್ಣ."

"ಹಾಗಾದ್ರೆ ಹಾಕು ಇದ್ದಿಲು!"

ಗುಮಾಸ್ತರು ಕೀಲಿಯನ್ನು ಒತ್ತಿದರು. ಸಲಿಕೆ ಎದ್ದಿತು, ಒಲೆ ಬಾಯಿ ತೆರೆಯಿತು, ಕೂಗು ಕೇಳಿತು, ಗಾಡಿ ಜಗ್ಗಿ ಹೊರಟಿತು. ನಾಲ್ಕು ಸೆಕೆಂಡಿಗೆ ಒಂದು ಸಲಿಕೆ ಹಾಕಲೇಬೇಕು, ತಪ್ಪಿದರೆ ಉಗಿಯ ಒತ್ತಡ ಬೀಳುತ್ತದೆ. ಒತ್ತಡ ಬಿದ್ದರೆ ಬೆಟ್ಟದ ಮೇಲೆ ಗಾಡಿ ನಿಲ್ಲುತ್ತದೆ.

"ಬಲಗಡೆ ಕಾಡು ನೋಡೋ, ಎಷ್ಟು ಹಸಿರು!"

ಗುಮಾಸ್ತರ ಬಲಗಡೆ ಬೂದು ಬಣ್ಣದ ಒಂದು ಹಲಗೆಯಂಥದ್ದು ಜಾರುತ್ತಿತ್ತು. "ಅಬ್ಬಾ, ಏನು ಹಸಿರಣ್ಣ! ಕಣ್ಣು ತಂಪಾಯ್ತು."

"ಕೆಳಗೆ ಹೊಳೆ."

"ಹೂಂ, ನೀರು ಫಳಫಳ ಅಂತಿದೆ."

ಹೆಂಡತಿ ನೀರಿಲ್ಲದ ಪರದೆಯನ್ನೂ ಗಂಡನ ಮುಖವನ್ನೂ ನೋಡಿದರು. ನೆಲ ಒರೆಸುವುದನ್ನು ಮುಂದುವರಿಸಿದರು.

ಆಗ ಬಾಗಿಲು ತೆರೆಯಿತು. ಮುಂದೆ ಅಧ್ಯಕ್ಷರು, ಅವರ ಕೈಯಲ್ಲಿ ಬಂಡಿಯ ಚಕ್ರದಷ್ಟು ದೊಡ್ಡ ಹೂಹಾರ, ಹಿಂದೆ ನರ್ಸಮ್ಮ, ಅವರ ಹಿಂದೆ ಮೂರು ಅಂತಸ್ತಿನ ಹತ್ತು ಮಂದಿ, ಮೌನವಾಗಿ, ಸಹಕರಿಸುತ್ತಾ. ಒಳಗೆ ಐಸು ಕಂಡಿತು, ಫ್ಯಾನು ಕಂಡಿತು, ನೆಲ ಒರೆಸುತ್ತಿದ್ದ ಹೆಂಗಸು ಕಂಡರು. ಹೆಣ ಮಾತ್ರ ಕಾಣಲಿಲ್ಲ. ಇನ್ನೂ ದಾರಿಯಲ್ಲಿರಬೇಕು ಎಂದುಕೊಂಡರು. ಗುಮಾಸ್ತರು ಬಲಗೈಯಲ್ಲಿ ಇದ್ದಿಲು ಹಾಕುತ್ತಲೇ ಎಡಗೈ ಎತ್ತಿ ನಿಲ್ಲಿ ನಿಲ್ಲಿ ಎಂದು ಸನ್ನೆ ಮಾಡಿದರು. ಅಧ್ಯಕ್ಷರು ಅದನ್ನು ಶುರುಮಾಡಿ ಎಂದು ತಿಳಿದು ಕಾಗದ ಬಿಡಿಸಿದರು.

"ಬಂಧುಗಳೇ, ಇಂದು ನಮ್ಮ ಗುಮಾಸ್ತರ ಅಣ್ಣನವರು ನಮ್ಮನ್ನು ಅಗಲಿದ್ದಾರೆ. ಅವರನ್ನು ನಾನು ನೋಡಿಲ್ಲ. ಆದರೆ ಅವರ ತಮ್ಮನನ್ನು ದಿನವೂ ನೋಡುತ್ತಿದ್ದೇನೆ, ಅದರಿಂದಲೇ ಅವರೆಷ್ಟು ತಾಳ್ಮೆಯ ಮನುಷ್ಯರಾಗಿದ್ದರು ಎಂಬುದನ್ನು ಊಹಿಸಬಲ್ಲೆ. ಇಂಜಿನ್ ಓಡಿಸುತ್ತಿದ್ದರಂತೆ. ಎಷ್ಟೋ ಸಾವಿರ ಜನರನ್ನು ಅವರವರ ಮನೆಗೆ ತಲುಪಿಸಿದವರು..."

"ಲೋ" ಅಂದಿತು ಫೋನು. "ಯಾರೋ ಅದು ಭಾಷಣ ಮಾಡ್ತಿರೋದು? ಯಾರು ಹೋದ್ರು?"

ಗುಮಾಸ್ತರ ಕೈ ನಿಲ್ಲುವ ಹಾಗಿರಲಿಲ್ಲ. "ನೀನು ಅಂತ ತಿಳ್ಕೊಂಡಿದಾರೆ ಅಣ್ಣ. ತಪ್ಪು ನಂದೇ. ಹಾರ ಕೂಡ ತಂದಿದಾರೆ."

ನರ್ಸಮ್ಮ ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕುಸಿದರು. ಮೂವತ್ತು ವರ್ಷದ ಸೇವೆಯಲ್ಲಿ ಇಂಥ ಕೇಸು ಅವರ ಕೈಗೆ ಬಂದಿರಲಿಲ್ಲ. ಆಮೇಲೆ ಫೋನಿನೊಳಗಿಂದ ನಗು ಬಂತು, ಕೆಮ್ಮು ಬಂತು, ಮತ್ತೆ ನಗು ಬಂತು. ಅಧ್ಯಕ್ಷರು ಕಾಗದ ಮಡಿಸಿ ಜೇಬಿಗೆ ತುರುಕುತ್ತಾ ಹಿಂದಕ್ಕೆ ಸರಿದರು.

"ಸಾರ್, ಸಾರ್" ಅಂದ ಅಣ್ಣ. "ನಿಲ್ಲಿಸ್ಬೇಡಿ. ಚೆನ್ನಾಗಿ ಬರ್ತಿತ್ತು. ಪೂರ್ತಿ ಹೇಳಿ. ನಾಳೆ ಆಮೇಲೆ ಹೇಳಿದ್ರೆ ನನಗೆ ಕೇಳ್ಸುತ್ತೋ ಇಲ್ವೋ."

ಅಧ್ಯಕ್ಷರ ಭಾಷಣವನ್ನು ಕೊನೆಯವರೆಗೆ ಕೇಳುತ್ತೇನೆಂದು ಯಾರೂ ಈವರೆಗೆ ಹೇಳಿರಲಿಲ್ಲ. ಅವರು ಗಂಟಲು ಸರಿಪಡಿಸಿಕೊಂಡು ಉಳಿದದ್ದನ್ನು ಓದಿದರು, ಮೆಲ್ಲಗೆ, ಹೆದರಿಕೊಂಡು. "ಇವರ ಗಾಡಿಯಲ್ಲಿ ಮಲಗಿ ನಿದ್ದೆ ಮಾಡಿದವರು ಯಾರೂ ಇವರ ಮುಖ ನೋಡಿರಲಿಕ್ಕಿಲ್ಲ" ಎನ್ನುವ ಸಾಲನ್ನು ಅವರು ಎರಡು ಸಲ ಓದಬೇಕಾಯಿತು.

"ಥ್ಯಾಂಕ್ಸ್ ಸಾರ್" ಅಂದ ಅಣ್ಣ ಕೊನೆಗೆ. "ಸುರಂಗ ಬಂತು ಕಣೋ. ಜೋರಾಗಿ ಹಾಕು."

ಗುಮಾಸ್ತರು ಹಾಕಿದರು. ಗಾಡಿ ಸುರಂಗದ ಕಪ್ಪಿನೊಳಗೆ ನುಗ್ಗಿತು. ಕಪ್ಪು ಕಪ್ಪಾಗಿಯೇ ಉಳಿಯಿತು. ಅವರು ಕಾದರು. ಸಲಿಕೆ ಅರ್ಧಕ್ಕೆ ಎತ್ತಿದ್ದು ಎತ್ತಿದ ಹಾಗೇ ನಿಂತಿತ್ತು. ಜಾಲರಿಯ ಕೆಳಗೆ ಐಸು ಪೂರ್ತಿ ನೀರಾಗಿತ್ತು. ಭಾಷಣದ ಭರದಲ್ಲಿ ಎರಡನೇ ಚೀಲ ಹಾಕುವುದು ಎಲ್ಲರಿಗೂ ಮರೆತಿತ್ತು. ಹೆಂಡತಿ ಎದ್ದುಬಿದ್ದು ಬಕೀಟು ತಂದರು. ಗುಮಾಸ್ತರು ಯಾವ ಕೀಲಿ ಒತ್ತಿದರೂ ಮ್ಯಾಕು ಮಿಸುಕಲಿಲ್ಲ. ಸದ್ದಿಲ್ಲದೇ ಹೋಗಿತ್ತು.

"ಹಾಕ್ತಿದೀಯೇನೋ?"

ಗುಮಾಸ್ತರು ಸತ್ತ ಪರದೆಯನ್ನು ನೋಡಿದರು. "ಹಾಕ್ತಿದೀನಣ್ಣ" ಅಂದರು. ಕೀಲಿ ಒತ್ತುವ ಟಕ್ ಟಕ್ ಸದ್ದು ಫೋನಿಗೆ ಕೇಳಲೆಂದು ನಾಲ್ಕು ಸೆಕೆಂಡಿಗೊಮ್ಮೆ ಒತ್ತುತ್ತಾ ಹೋದರು.

ಅಧ್ಯಕ್ಷರು "ಅಲ್ಲ, ಇದು ನಿಂತೇ..." ಎಂದು ಬಾಯಿ ತೆರೆದರು. ನರ್ಸಮ್ಮ ಅವರ ತೋಳಿಗೆ ಚಿವುಟಿದ ಚಿವುಟಿಗೆ ಆ ವಾಕ್ಯ ಅಲ್ಲೇ ಮುಗಿಯಿತು. ಹತ್ತು ಮಂದಿಯೂ ಒದ್ದೆ ನೆಲದ ಮೇಲೆ ಜಾಗ ನೋಡಿಕೊಂಡು ಕೂತರು. ಯಾರೂ ಎದ್ದು ಹೋಗಲಿಲ್ಲ.

"ಸುರಂಗ ದಾಟ್ತು. ಎಡಗಡೆ ಪ್ರಪಾತ, ಕೆಳಗೆ ನೋಡ್ಬೇಡ, ತಲೆ ತಿರುಗುತ್ತೆ."

"ನೋಡಲ್ಲಣ್ಣ."

"ಸಣ್ಣ ಸ್ಟೇಷನ್ನು. ಒಬ್ಬ ಹಸಿರು ಬಾವುಟ ಹಿಡ್ಕೊಂಡು ನಿಂತಿದಾನೆ. ಕೈ ಬೀಸು."

ಗುಮಾಸ್ತರು ಕಪ್ಪು ಪರದೆಗೆ ಕೈ ಬೀಸಿದರು. ಹಿಂದೆ ಕೂತಿದ್ದವರಲ್ಲಿ ಒಬ್ಬಿಬ್ಬರು ತಾವೂ ಬೀಸಿದರು. ಅಣ್ಣ ತಿರುವು ಬಂದರೆ ತಿರುವು ಹೇಳಿದ, ಸೇತುವೆ ಬಂದರೆ ಸೇತುವೆ ಹೇಳಿದ. ಮಧ್ಯೆ ಮಧ್ಯೆ ಮಾತು ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದ. ಐದೂವರೆಗೆ ಎರಡು ನಿಮಿಷವಿರುವಾಗ ಬ್ರೇಕಿನ ಕೀರಲು ಸದ್ದು ಫೋನಿನಲ್ಲಿ ಉದ್ದಕ್ಕೂ ಎಳೆದು ನಿಂತಿತು.

"ಬಂತು ಕಣೋ. ಸರಿಯಾದ ಟೈಮಿಗೆ" ಅಂದ ಅಣ್ಣ. "ಚೆನ್ನಾಗಿ ಹಾಕ್ದೆ. ಒಂದ್ಸಲಾನೂ ಒತ್ತಡ ಬೀಳ್ಲಿಲ್ಲ. ಈಗ ಮಲಗ್ತೀನಿ."

ಸೋಮವಾರ ಮಧ್ಯಾಹ್ನ ಎರಡಕ್ಕೆ ದಾಖಲೆ ಕೋಣೆಗೆ ಅತ್ತಿಗೆಯ ಫೋನು ಬಂತು. ಅಣ್ಣ ಆಪರೇಷನ್ ಮೇಜಿನ ಮೇಲಿಂದ ಏಳಲಿಲ್ಲ.

ಗುಮಾಸ್ತರು ಮನೆಗೆ ಬಂದು ಹೆಂಡತಿಯನ್ನು ಕರೆದುಕೊಂಡು ಹೊರಡುವಾಗ ಮೆಟ್ಟಿಲ ಮೇಲೆ ಅಧ್ಯಕ್ಷರು ಸಿಕ್ಕಿದರು. "ನಮ್ಮಣ್ಣ ಹೋದ್ರು" ಅಂದರು ಗುಮಾಸ್ತರು. ಅಧ್ಯಕ್ಷರು ಅವರ ಕೈ ಹಿಡಿದುಕೊಂಡರು. ಆಡಬೇಕಾದ್ದನ್ನೆಲ್ಲ ನಿನ್ನೆಯೇ ಆಡಿಬಿಟ್ಟಿದ್ದರು. ನಿಯಮಾವಳಿಯಲ್ಲೂ ಒಬ್ಬರಿಗೆ ಒಂದೇ ಹಾರ. "ಹಾರ... ಅದನ್ನೇ ತಗೊಂಡು ಹೋಗ್ತೀರಾ? ನೀರು ಚಿಮುಕಿಸಿಟ್ಟಿದೀನಿ" ಅಂದರು. ಒಂಬತ್ತು ಗಂಟೆಯ ಪ್ರಯಾಣದಲ್ಲಿ ಗಂಡಹೆಂಡತಿ ಒಂದು ದಿನ ಹಳೆಯದಾದ ಆ ಹಾರವನ್ನು ಇಬ್ಬರ ತೊಡೆಯ ಮೇಲೂ ಇಟ್ಟುಕೊಂಡು ಕೂತಿದ್ದರು.

ಎಲ್ಲ ಮುಗಿದ ಮೇಲೆ, ಜನ ಹೋದ ಮೇಲೆ, ಅಣ್ಣನ ಕೋಣೆಯಲ್ಲಿ ಕುರ್ಚಿ ಒಂದೇ ಉಳಿಯಿತು. ಗುಮಾಸ್ತರಿಗೆ ಎದೆಯೊಳಗಿನ ಸುಳ್ಳು ತಡೆದುಕೊಳ್ಳಲಾಗಲಿಲ್ಲ.

"ಅತ್ತಿಗೆ, ನಾನು ಅಣ್ಣನಿಗೆ ಮೋಸ ಮಾಡ್ದೆ. ಸುರಂಗದಲ್ಲೇ ನನ್ನ ಮ್ಯಾಕು ನಿಂತೋಯ್ತು. ಆಮೇಲೆ ನಾನು ಹಾಕಿದ್ದೆಲ್ಲಾ ಸುಳ್ಳು ಇದ್ದಿಲು."

"ಗೊತ್ತು" ಅಂದರು ಅತ್ತಿಗೆ, ಕುರ್ಚಿಯ ಮೇಲಿನ ಶಾಲು ಮಡಿಸುತ್ತಾ. "ಇಲ್ಲಿ ಪರದೆ ಮೇಲೆ ಬಂತಲ್ಲ, ನಿಮ್ಮ ಜೊತೆಗಾರರು ಹೊರಟುಹೋದರು ಅಂತ. ನಾನು ಹೇಳಕ್ಕೆ ಹೋದ್ರೆ ತುಟಿ ಮೇಲೆ ಬೆರಳಿಟ್ರು. ಒಂದು ಕೈಲಿ ಗಾಡಿ ಓಡ್ಸ್ಕೊಂಡು, ಇನ್ನೊಂದು ಕೈಲಿ ಇದ್ದಿಲು ತಾವೇ ಹಾಕಿದ್ರು. ಕೊಡಿ, ಅದನ್ನ ನಾನು ಒತ್ತೀನಿ ಅಂದೆ. ಬೇಡ, ಅದು ಅವನ ಜಾಗ, ಅವನು ನಿಂತಿದಾನೆ ಅಂದ್ರು."

ಗುಮಾಸ್ತರು ಅಲ್ಲೇ ನೆಲದ ಮೇಲೆ ಕೂತು, ಬಾಗಿಲು ತೆರೆದಿರುವುದನ್ನೂ ನೋಡದೆ, ಗೊಳೋ ಎಂದು ಅತ್ತುಬಿಟ್ಟರು. ಅತ್ತಿಗೆ ಶಾಲು ಪಕ್ಕಕ್ಕಿಟ್ಟು ತಾವೂ ಅವರ ಹತ್ತಿರ ಕೂತರು.